ಬಾಂಡ್ ಸರಿ ಎಂದ ಮಾತ್ರಕ್ಕೆ ಸಂಬಳ ಮುರಿದುಕೊಳ್ಳಬಹುದೇ?

ಎರಡು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು, ಅದು ನಿಮ್ಮ ಟ್ರೈನಿಂಗ್‌ಗೆ ಆದ ಖರ್ಚು. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಕೆಲಸಕ್ಕೆ ಸೇರುವ ಎಷ್ಟೋ ಫ್ರೆಷರ್‌ಗಳ ಕೈಗೆ ಆಫರ್ ಲೆಟರ್ ಜೊತೆ ಇಂಥದ್ದೊಂದು ಕರಾರಿನ ಕಾಗದ, ಅಂದರೆ ಬಾಂಡ್, ಬರುತ್ತದೆ. ಸಹಿ ಹಾಕುವಾಗ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ಓದಿದರೂ ಮಾಡುವುದೇನು? ಸಹಿ ಹಾಕದಿದ್ದರೆ ಕೆಲಸವೇ ಇಲ್ಲ. ಜಗಳ ಶುರುವಾಗುವುದು ಬಿಡುವ ದಿನ. ಕೊನೆಯ ತಿಂಗಳ ಸಂಬಳ ಬರುವುದಿಲ್ಲ. ಕೇಳಿದರೆ, ‘ಅದನ್ನು ಟ್ರೈನಿಂಗ್ ಖರ್ಚಿಗೆ ಮುರಿದುಕೊಂಡಿದ್ದೇವೆ, ಉಳಿದದ್ದನ್ನು ನೀವೇ ಕಟ್ಟಿ’ ಎಂಬ ಉತ್ತರ ಬರುತ್ತದೆ.

ಹಳೆಯ ಈ ಜಗಳಕ್ಕೆ 2025ರಲ್ಲಿ ಎರಡು ಹೊಸ ತಿರುವು ಸಿಕ್ಕವು. ಮೇ 14ರಂದು ಸುಪ್ರೀಂ ಕೋರ್ಟ್ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಬ್ಯಾಂಕಿನ ಬಾಂಡ್ ಕಾನೂನುಬದ್ಧ ಎಂದಿತು. ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಒಂದಾದ ವೇತನ ಸಂಹಿತೆಯು, ಕಾನೂನು ಒಪ್ಪಿದ ಕಾರಣಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಸಂಬಳದಲ್ಲಿ ಕಡಿತ ಮಾಡಬಾರದು ಎನ್ನುತ್ತದೆ. ಒಂದು ಸುದ್ದಿ ಕಂಪನಿಯ ಪರ, ಇನ್ನೊಂದು ನೌಕರರ ಪರ ಇದ್ದಂತೆ ಕಾಣುತ್ತದೆ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಬಹುದು. ಏಕೆಂದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು.

ವಿಜಯಾ ಬ್ಯಾಂಕ್ ಪ್ರಕರಣ

1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡಿದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದ ಜೊತೆ ವಿಲೀನವಾಯಿತು. ಪ್ರಕರಣ ಅದಕ್ಕಿಂತ ಹಿಂದಿನದು. 2006ರಲ್ಲಿ ಬ್ಯಾಂಕ್ ಅಧಿಕಾರಿಗಳ ನೇಮಕಕ್ಕೆ ಅರ್ಜಿ ಕರೆದಾಗ ಒಂದು ಷರತ್ತು ಹಾಕಿತ್ತು. ಆಯ್ಕೆಯಾದವರು ಕನಿಷ್ಠ 3 ವರ್ಷ ಕೆಲಸ ಮಾಡಬೇಕು, ಅದಕ್ಕೂ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು. ಒಬ್ಬ ಅಧಿಕಾರಿ 2007ರ ಸೆಪ್ಟೆಂಬರ್‌ನಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆ ವಹಿಸಿಕೊಂಡು, 2009ರ ಜುಲೈನಲ್ಲಿ ಬೇರೆ ಬ್ಯಾಂಕ್ ಸೇರಲು ರಾಜೀನಾಮೆ ಕೊಟ್ಟರು. ಆಕ್ಷೇಪ ದಾಖಲಿಸಿಯೇ 2 ಲಕ್ಷ ಕಟ್ಟಿದರು. ಆಮೇಲೆ ಕೋರ್ಟ್ ಮೆಟ್ಟಿಲೇರಿದರು.

ಕರ್ನಾಟಕ ಹೈಕೋರ್ಟ್‌ನಲ್ಲಿ ಏಕಸದಸ್ಯ ಪೀಠ, ವಿಭಾಗೀಯ ಪೀಠ ಎರಡರಲ್ಲೂ ಅವರೇ ಗೆದ್ದರು. ಆದರೆ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಾಯ್‌ಮಾಲ್ಯ ಬಾಗ್ಚಿ ಅವರ ಸುಪ್ರೀಂ ಕೋರ್ಟ್ ಪೀಠ ಆ ತೀರ್ಪುಗಳನ್ನು ರದ್ದು ಮಾಡಿತು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರ ಕಾನೂನುಬದ್ಧ ಉದ್ಯೋಗಕ್ಕೆ ಅಡ್ಡಿ ಮಾಡುವ ಕರಾರು ಊರ್ಜಿತವಲ್ಲ. ಈ ಬಾಂಡ್ ಹಾಗೆ ಅಡ್ಡಿ ಮಾಡುವುದಿಲ್ಲ ಎಂದು ಪೀಠ ಹೇಳಿತು. ಬೇರೆಡೆ ಕೆಲಸಕ್ಕೆ ಹೋಗಬೇಡ ಎಂದು ಬಾಂಡ್ ತಡೆದಿಲ್ಲ, ಅವಧಿಗೆ ಮುಂಚೆ ಹೋದರೆ ಇಷ್ಟು ಕಟ್ಟು ಎಂದಿದೆ ಅಷ್ಟೇ. ಸರ್ಕಾರಿ ಬ್ಯಾಂಕು ಯಾರನ್ನೋ ಕರೆದು ಕೂರಿಸುವಂತಿಲ್ಲ, ಜಾಹೀರಾತು ಕೊಟ್ಟು ಎಲ್ಲರಿಗೂ ಅವಕಾಶ ಕೊಟ್ಟೇ ನೇಮಿಸಬೇಕು, ಅದಕ್ಕೆ ಸಮಯ ಮತ್ತು ಹಣ ಎರಡೂ ಹೋಗುತ್ತವೆ ಎಂಬುದು ತೀರ್ಪಿನ ಮುಖ್ಯ ತರ್ಕ. ಇಷ್ಟು ದೊಡ್ಡ ಹುದ್ದೆಯ, ಒಳ್ಳೆಯ ಸಂಬಳದ ಅಧಿಕಾರಿಗೆ 2 ಲಕ್ಷ ಎಂಬುದು ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡ ಮೊತ್ತವಲ್ಲ ಎಂದೂ ಕೋರ್ಟ್ ಹೇಳಿತು.

ತೀರ್ಪು ಬಂದ ಮೇಲೆ ‘ಬಾಂಡ್ ಊರ್ಜಿತ’ ಎಂಬ ತಲೆಬರಹ ಮಾತ್ರ ಎಲ್ಲರ ತಲೆಯಲ್ಲಿ ಉಳಿಯಿತು. ಅದೇ ತೀರ್ಪಿನಲ್ಲಿ ಕಂಪನಿಗಳು ಎತ್ತಿ ತೋರಿಸದ ಇನ್ನೊಂದು ಮಾತಿದೆ. ಅಚ್ಚು ಹಾಕಿಟ್ಟ ನೇಮಕ ಕರಾರುಗಳಲ್ಲಿ ಎರಡು ಕಡೆಯವರ ಬಲ ಸಮನಾಗಿರುವುದಿಲ್ಲ. ಹಾಗಾಗಿ ಷರತ್ತನ್ನು ನೌಕರ ಪ್ರಶ್ನಿಸಿದರೆ, ಅದು ನ್ಯಾಯವಾದದ್ದು ಎಂದು ಸಾಬೀತು ಮಾಡುವ ಹೊಣೆ ಕೆಲಸ ಕೊಟ್ಟವರ ಮೇಲಿರುತ್ತದೆ. ಇದು ಸಣ್ಣ ಮಾತಲ್ಲ. ಬಾಂಡ್ ತೋರಿಸಿದ ಕೂಡಲೇ ನೌಕರ ತಲೆ ಬಾಗಿಸಬೇಕಿಲ್ಲ ಎಂದು ಇದರ ಅರ್ಥ.

ಬೇರೆ ಬೇರೆ ಇಟ್ಟುಕೊಳ್ಳಬೇಕಾದ ಮೂರು ಪ್ರಶ್ನೆಗಳು

ಷರತ್ತು ಊರ್ಜಿತವೇ ಎಂಬುದು ಮೊದಲ ಪ್ರಶ್ನೆ. ಊರ್ಜಿತವಾದರೆ ಎಷ್ಟು ಹಣ ಕೊಡಬೇಕು ಎಂಬುದು ಎರಡನೆಯದು. ಆ ಹಣವನ್ನು ಕಂಪನಿ ಯಾವ ದಾರಿಯಲ್ಲಿ ವಸೂಲಿ ಮಾಡಬಹುದು ಎಂಬುದು ಮೂರನೆಯದು. ಎಚ್‌ಆರ್ ಮೇಲ್‌ಗಳಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ‘ನೀವು ಸಹಿ ಹಾಕಿದ್ದೀರಿ, ಆದ್ದರಿಂದ ಒಂದೂವರೆ ಲಕ್ಷ ಬಾಕಿ ಇದೆ, ಆದ್ದರಿಂದ ಸಂಬಳ ತಡೆದಿದ್ದೇವೆ’ ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಈ ಎರಡು ‘ಆದ್ದರಿಂದ’ಗಳೂ ತಪ್ಪು. ಸಹಿಯಿಂದ ಪೂರ್ತಿ ಮೊತ್ತ ತಾನಾಗಿ ಬಾಕಿ ಆಗುವುದಿಲ್ಲ. ಬಾಕಿ ಇದ್ದರೂ ಸಂಬಳಕ್ಕೆ ಕೈ ಹಾಕುವ ಹಕ್ಕು ತಾನಾಗಿ ಬರುವುದಿಲ್ಲ.

ವಿಜಯಾ ಬ್ಯಾಂಕ್ ತೀರ್ಪು ಉತ್ತರಿಸಿದ್ದು ಮುಖ್ಯವಾಗಿ ಮೊದಲ ಪ್ರಶ್ನೆಗೆ. ಅಲ್ಲಿ ಚರ್ಚೆಯಾದದ್ದು ಹೊಸ ನೇಮಕದ ಖರ್ಚು, ಟ್ರೈನಿಂಗ್ ಖರ್ಚಲ್ಲ. ಹಣವನ್ನು ಅಧಿಕಾರಿಯೇ ಕಟ್ಟಿದ್ದರಿಂದ ಸಂಬಳ ಮುರಿದುಕೊಳ್ಳುವ ಪ್ರಶ್ನೆ ಬರಲೇ ಇಲ್ಲ. ಮೂರು ವರ್ಷದಲ್ಲಿ ಸುಮಾರು ಇಪ್ಪತ್ತೆರಡು ತಿಂಗಳು ದುಡಿದವರಿಗೂ ಪೂರ್ತಿ 2 ಲಕ್ಷ ಅನ್ವಯವಾಯಿತು ಎಂಬುದು ಮಾತ್ರ ನೌಕರರ ದೃಷ್ಟಿಯಿಂದ ಆ ತೀರ್ಪಿನ ಕಷ್ಟದ ಭಾಗ. ಕಂಪನಿಗಳ ವಕೀಲರು ಇದನ್ನು ಖಂಡಿತ ಎತ್ತುತ್ತಾರೆ. ಆದರೆ ಸರ್ಕಾರಿ ಬ್ಯಾಂಕಿನ ಸೀನಿಯರ್ ಮ್ಯಾನೇಜರ್‌ಗೆ ಹೇಳಿದ್ದನ್ನು ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 22 ಸಾವಿರ ತೆಗೆದುಕೊಳ್ಳುವ ಹುಡುಗಿಗೆ ಹಾಗೇ ಅನ್ವಯಿಸುವುದು ನ್ಯಾಯವಲ್ಲ. ತೀರ್ಪು ತೂಗಿ ನೋಡಿದ್ದೇ ಹುದ್ದೆ ಮತ್ತು ಸಂಬಳವನ್ನು.

ಕಂಪನಿಗಳು ಹೇಳುವುದೇನು

ಕಂಪನಿಗಳ ಮಾತಿನಲ್ಲೂ ಹುರುಳಿದೆ. ಕಾಲೇಜಿನಿಂದ ನೇರ ಬಂದವರನ್ನು ಮೂರು–ನಾಲ್ಕು ತಿಂಗಳು ಕೂರಿಸಿ ಕಲಿಸುತ್ತಾರೆ. ಆಗ ಅವರಿಂದ ಆದಾಯವಿಲ್ಲ, ಸಂಬಳ ಮಾತ್ರ ಹೋಗುತ್ತಿರುತ್ತದೆ. ಕಲಿತ ಕೂಡಲೇ ಪಕ್ಕದ ಕಂಪನಿ ಸ್ವಲ್ಪ ಜಾಸ್ತಿ ಕೊಟ್ಟು ಕರೆದುಕೊಂಡು ಹೋದರೆ, ಕಲಿಸಿದವರಿಗೆ ನಷ್ಟ, ಕಲಿಸದವರಿಗೆ ಲಾಭ. ಹೀಗೆ ಆಗುತ್ತಲೇ ಇದ್ದರೆ ಫ್ರೆಷರ್‌ಗಳನ್ನು ತೆಗೆದುಕೊಂಡು ಕಲಿಸುವವರೇ ಇರುವುದಿಲ್ಲ. ಸಣ್ಣ ಕಂಪನಿಗಳಿಗೆ ಈ ಭಯ ಇನ್ನೂ ದೊಡ್ಡದು.

ನೌಕರರ ಕಡೆಯ ವಾದ ಟ್ರೈನಿಂಗ್ ಎಂಬ ಪದದಿಂದಲೇ ಶುರುವಾಗುತ್ತದೆ. ಪೈಲಟ್ ಒಬ್ಬರಿಗೆ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ ಕೊಡಿಸುವುದು ಟ್ರೈನಿಂಗ್. ಅದು ಲೈಸೆನ್ಸ್‌ನಲ್ಲಿ ದಾಖಲಾಗುತ್ತದೆ, ಬೇರೆ ಏರ್‌ಲೈನ್‌ಗೆ ಹೋದರೂ ಜೊತೆಗೆ ಬರುತ್ತದೆ. ಆದರೆ ಎರಡು ವಾರ ಕಂಪನಿಯ ರಜೆ ನಿಯಮ, ಪಾಸ್‌ವರ್ಡ್ ನಿಯಮ ಹೇಳಿಕೊಟ್ಟು, ರೆಕಾರ್ಡ್ ಮಾಡಿಟ್ಟ ವಿಡಿಯೋ ತೋರಿಸಿ, ಆಮೇಲೆ ಗ್ರಾಹಕರ ಕೆಲಸಕ್ಕೆ ಹಚ್ಚುವುದನ್ನೂ ಟ್ರೈನಿಂಗ್ ಎಂದೇ ಕರೆಯುತ್ತಾರೆ. ಅದು ಕಂಪನಿ ನಡೆಸುವ ಮಾಮೂಲಿ ಖರ್ಚು, ಅಲ್ವಾ? ಕಚೇರಿಗೆ ಕುರ್ಚಿ ತಂದ ಖರ್ಚನ್ನು ಯಾರೂ ನೌಕರರಿಂದ ಕೇಳುವುದಿಲ್ಲ.

ಎಷ್ಟು? ಲೆಕ್ಕ ತೋರಿಸಬೇಕು

ಇಲ್ಲಿ ಕರಾರು ಕಾಯ್ದೆಯ 74ನೇ ಸೆಕ್ಷನ್ ಬರುತ್ತದೆ. ಕರಾರು ಮುರಿದರೆ ಇಷ್ಟು ಕೊಡಬೇಕು ಎಂದು ಮೊದಲೇ ಬರೆದಿದ್ದರೂ, ಆ ಮೊತ್ತ ಬರೀ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನೇ ಕೋರ್ಟ್ ಕೊಡಿಸುತ್ತದೆ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. 1963ರ ಫತೇ ಚಂದ್ ಪ್ರಕರಣದಿಂದ 2015ರ ಕೈಲಾಶ್ ನಾಥ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಅನ್ನು ಅರ್ಥ ಮಾಡಿರುವುದು ಸರಿಸುಮಾರು ಹೀಗೆಯೇ.

ಉದ್ಯೋಗದ ಬಾಂಡ್‌ಗಳಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದಕ್ಕೆ ದೆಹಲಿ ಹೈಕೋರ್ಟ್‌ನ 2011ರ ಸಿಕ್ಪಾ ಇಂಡಿಯಾ ಪ್ರಕರಣ ಒಳ್ಳೆಯ ಉದಾಹರಣೆ. 3 ವರ್ಷಕ್ಕೆ 2 ಲಕ್ಷದ ಬಾಂಡ್. ನೌಕರ 2 ವರ್ಷ ಕೆಲಸ ಮಾಡಿ ಬಿಟ್ಟಿದ್ದರು. ಟ್ರೈನಿಂಗ್‌ಗೆ ಕಂಪನಿ ನಿಜವಾಗಿ ಖರ್ಚು ಮಾಡಿದ್ದು 67,595 ರೂಪಾಯಿ. ಮೂರರಲ್ಲಿ ಎರಡು ಭಾಗ ಅವಧಿ ಮುಗಿದಿದೆ, ಹಾಗಾಗಿ ಮೂರನೇ ಒಂದು ಭಾಗ, ಅಂದರೆ 22,532 ರೂಪಾಯಿ ಕೊಟ್ಟರೆ ಸಾಕು ಎಂದು ಕೆಳ ಕೋರ್ಟ್ ಲೆಕ್ಕ ಹಾಕಿತ್ತು. ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2 ಲಕ್ಷ ಎಲ್ಲಿ, 22 ಸಾವಿರ ಎಲ್ಲಿ!

ಇದೇ ಅಳತೆಗೋಲನ್ನು ಒಂದು ಕಾಲ್ಪನಿಕ ಲೆಕ್ಕಕ್ಕೆ ಹಿಡಿದು ನೋಡೋಣ. ಬಾಂಡ್ ಒಂದೂವರೆ ಲಕ್ಷ, ಅವಧಿ 24 ತಿಂಗಳು, ಬಿಲ್ ಸಮೇತ ತೋರಿಸಬಹುದಾದ ಟ್ರೈನಿಂಗ್ ಖರ್ಚು 60 ಸಾವಿರ. ನೌಕರ 18 ತಿಂಗಳು ದುಡಿದು ಬಿಟ್ಟರೆ ಉಳಿದದ್ದು 6 ತಿಂಗಳು, ಅಂದರೆ ಕಾಲು ಭಾಗ. ಕೊಡಬೇಕಾದದ್ದು 15 ಸಾವಿರ. ಕಂಪನಿ ಕೇಳುವುದು ಅದರ ಹತ್ತು ಪಟ್ಟು.

ಕಂಪನಿಗಳ ಪರವಾಗಿ ನಿಲ್ಲುವ ತೀರ್ಪೂ ಇದೆ. ನೌಕರನಿಗೆಂದೇ ವಿಶೇಷವಾಗಿ ಖರ್ಚು ಮಾಡಿ ತರಬೇತಿ ಕೊಟ್ಟಿದ್ದರೆ, ಕರಾರು ಮುರಿದದ್ದೇ ಕಂಪನಿಗೆ ಆದ ಹಾನಿ ಎಂದು ನೋಡಬಹುದು ಎಂದು ಮದ್ರಾಸ್ ಹೈಕೋರ್ಟ್ 1996ರ ತೋಷ್ನಿವಾಲ್ ಬ್ರದರ್ಸ್ ಪ್ರಕರಣದಲ್ಲಿ ಹೇಳಿತ್ತು. ಅಲ್ಲಿಯೂ ಮಾತು ನಿಂತಿರುವುದು ವಿಶೇಷ ಖರ್ಚು ಆಗಿದೆಯೇ ಎಂಬುದರ ಮೇಲೆ. ಇಡೀ ಬ್ಯಾಚ್‌ಗೆ ಒಂದೇ ಅಂಕಿ ಬರೆದು, ಒಂದು ಬಿಲ್ಲನ್ನೂ ತೋರಿಸದ ಬಾಂಡ್‌ಗೆ ಅದರ ಬಲ ಸಿಗುವುದು ಕಷ್ಟ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಕೆಲವು ಕಡೆ ಬಾಂಡ್ ಮೊತ್ತದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಕೇಳುತ್ತಾರೆ. ನೌಕರ ಅವಧಿಗೆ ಮೊದಲೇ ಬಿಟ್ಟಾಗ ಕಟ್ಟುವ ಬಾಂಡ್ ಹಣಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲೇ ಹೇಳಿದೆ. ಈ ಬಾಬ್ತಿಗೆ ಸುಮ್ನೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ದುಡಿದ ಸಂಬಳ ಯಾರದ್ದು

ಮೂರನೇ ಪ್ರಶ್ನೆಗೆ ಬರೋಣ. ಹೆಚ್ಚು ಜನ ಪೆಟ್ಟು ತಿನ್ನುವುದು ಇಲ್ಲೇ.

ಸಂಬಳದಿಂದ ಏನನ್ನು ಮುರಿದುಕೊಳ್ಳಬಹುದು ಎಂಬ ಪಟ್ಟಿ 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. ಆದರೆ ಆ ಕಾಯ್ದೆ ಕೊನೆಯ ವರ್ಷಗಳಲ್ಲಿ ತಿಂಗಳಿಗೆ 24 ಸಾವಿರದವರೆಗೆ ಸಂಬಳ ಇರುವವರಿಗೆ ಮಾತ್ರ ಅನ್ವಯವಾಗುತ್ತಿತ್ತು. 30 ಸಾವಿರ ತೆಗೆದುಕೊಳ್ಳುವ ಐಟಿ ನೌಕರ ಅದರ ಹೊರಗೆ. ಹೊಸ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ. ಮೇಲ್ವಿಚಾರಕರು, ಮ್ಯಾನೇಜರ್‌ಗಳು ಕೂಡ ‘ನೌಕರ’ ಎಂಬ ಪದದೊಳಗೆ ಬರುತ್ತಾರೆ. ಬೆಂಗಳೂರಿನಂಥ ಊರಿಗೆ ಇದು ದೊಡ್ಡ ಬದಲಾವಣೆ.

ಸಂಹಿತೆಯ 18ನೇ ಸೆಕ್ಷನ್ ಪಟ್ಟಿಯಲ್ಲಿ ದಂಡ, ಗೈರುಹಾಜರಿ, ನೌಕರನ ವಶಕ್ಕೆ ಕೊಟ್ಟ ವಸ್ತು ಹಾಳಾದರೆ ಅದರ ನಷ್ಟ, ಮುಂಗಡ ಮತ್ತು ಸಾಲದ ವಸೂಲಿ, ಆದಾಯ ತೆರಿಗೆ, ಕೋರ್ಟ್ ಆದೇಶ, ಪಿಎಫ್ ಮುಂತಾದವು ಇವೆ. ಟ್ರೈನಿಂಗ್ ಖರ್ಚು ಎಂಬ ಬಾಬ್ತು ಅದರಲ್ಲಿಲ್ಲ. ಪಟ್ಟಿಯಲ್ಲಿ ಇರುವ ಕಡಿತಗಳನ್ನೆಲ್ಲ ಸೇರಿಸಿದರೂ ಆ ಅವಧಿಯ ಸಂಬಳದ ಅರ್ಧ ಮೀರಬಾರದು. ಹಾಗಾಗಿ ಕೊನೆಯ ತಿಂಗಳ ಸಂಬಳವನ್ನು ಪೂರ್ತಿ ಹಿಡಿದಿಟ್ಟುಕೊಳ್ಳುವುದನ್ನು ಸಮರ್ಥಿಸುವುದು ಬಹಳ ಕಷ್ಟ. ಕೆಲಸಕ್ಕೆ ಬೇಕಾದ ಸಲಕರಣೆಗಳನ್ನು ‘ಸೇವೆ’ ಎಂದು ಕರೆದು ಅದರ ಹಣ ಮುರಿದುಕೊಳ್ಳುವಂತಿಲ್ಲ ಎಂಬ ಮಾತು ಹಳೆಯ ಕಾಯ್ದೆಯ ಕಾಲದಿಂದಲೂ ಇದೆ. ಸಲಕರಣೆಗೇ ಹಣ ಕೇಳುವಂತಿಲ್ಲ ಎಂದ ಮೇಲೆ, ಅದನ್ನು ಬಳಸಲು ಹೇಳಿಕೊಟ್ಟದ್ದಕ್ಕೆ ಕೇಳುವುದು ಯಾವ ನ್ಯಾಯ?

ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು ಎಂದು 17ನೇ ಸೆಕ್ಷನ್ ಹೇಳುತ್ತದೆ. ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್‌ಗೆ 45 ದಿನ’ ಎಂಬ ರೂಢಿಗೂ ಈ ನಿಯಮಕ್ಕೂ ತಾಳೆ ಆಗುವುದಿಲ್ಲ. ನಿಯಮ ಮೀರಿ ಮುರಿದುಕೊಂಡರೆ 45ನೇ ಸೆಕ್ಷನ್ ಅಡಿ ಸರ್ಕಾರ ನೇಮಿಸಿದ ಪ್ರಾಧಿಕಾರದ ಮುಂದೆ ದೂರು ಕೊಡಬಹುದು. ಅದಕ್ಕೆ 3 ವರ್ಷದ ಸಮಯವಿದೆ. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ.

ಹಾಗಾದರೆ ಕಂಪನಿಗೆ ದಾರಿಯೇ ಇಲ್ಲವೇ? ಇದೆ. ಸಂಬಳ ಕೊಟ್ಟು, ಆಮೇಲೆ ಸಿವಿಲ್ ಕೋರ್ಟ್‌ನಲ್ಲಿ ದಾವೆ ಹೂಡಿ, ಖರ್ಚಿನ ಲೆಕ್ಕ ತೋರಿಸಿ ಹಣ ಕೇಳಬಹುದು. ವ್ಯತ್ಯಾಸ ಏನೆಂದರೆ, ಅಲ್ಲಿ ಲೆಕ್ಕ ಕೊಡಬೇಕಾದದ್ದು ಕಂಪನಿ. ಸಂಬಳ ಹಿಡಿದಿಟ್ಟುಕೊಂಡರೆ ಅಲೆದಾಡಬೇಕಾದದ್ದು ನೌಕರ. ಒಂದೇ ಸಾಲ, ಒಂದೇ ಮೊತ್ತ, ಆದರೆ ಮೊದಲ ಹೆಜ್ಜೆ ಯಾರು ಇಡಬೇಕು ಎಂಬುದರ ಮೇಲೆ ಇಡೀ ಜಗಳದ ಫಲಿತಾಂಶ ನಿಂತಿದೆ. ಸಂಬಳದ ಮೇಲಿನ ಈ ರಕ್ಷಣೆ ಇಷ್ಟು ಮುಖ್ಯ ಅನ್ನಿಸುವುದು ಅದಕ್ಕೇ.

ಕಾನೂನಿಗಿಂತ ಬಿಗಿಯಾದ ಹಿಡಿತ

ವಾಸ್ತವದಲ್ಲಿ ಎಷ್ಟೋ ಜನ ಕಾನೂನು ಗೊತ್ತಿದ್ದೂ ಹಣ ಕಟ್ಟುತ್ತಾರೆ. ಕಾರಣ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಎಂದು ಹಳೆಯ ಕಂಪನಿ ಕೊಡುವ ಪತ್ರ. ಹೊಸ ಕಂಪನಿ ಹದಿನೈದು ದಿನದಲ್ಲಿ ಅದನ್ನು ಕೇಳುತ್ತದೆ. ಕೋರ್ಟ್ ಅಷ್ಟು ಬೇಗ ಓಡುವುದಿಲ್ಲ. ಕೈಯಲ್ಲಿರುವ ಹೊಸ ಕೆಲಸ ತಪ್ಪಿಹೋಗುವ ಭಯದಲ್ಲಿ ಅಪ್ಪ ಅಮ್ಮ ಎಲ್ಲಿಂದಲೋ ಸಾಲ ತಂದು ಕಟ್ಟುತ್ತಾರೆ. ಹಣ ಕಟ್ಟಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ’ ಎಂದು ಮೇಲ್‌ನಲ್ಲಿ ಬರೆದಿಡುವುದು ಮುಂದೆ ಬೇಕಾಗುತ್ತದೆ. ವಿಜಯಾ ಬ್ಯಾಂಕ್ ಅಧಿಕಾರಿ ಮಾಡಿದ್ದೂ ಅದನ್ನೇ.

ಖಾಲಿ ಚೆಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಂಡ್ ಮುರಿಯುವುದು ಸಿವಿಲ್ ವ್ಯಾಜ್ಯ, ಪೊಲೀಸರಿಗೆ ಅಲ್ಲಿ ಕೆಲಸವಿಲ್ಲ. ಆದರೆ ಸೇರುವಾಗ ಭದ್ರತೆಗೆಂದು ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸ್ ಹಾಕಬಹುದು. ಆಗ ಚೆಕ್ ಸಾಲಕ್ಕಾಗಿಯೇ ಕೊಟ್ಟದ್ದು ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ, ಹಾಗಲ್ಲ ಎಂದು ತೋರಿಸುವ ಹೊಣೆ ಚೆಕ್ ಕೊಟ್ಟವರದ್ದು. ಅಂದರೆ ಬಾಂಡ್‌ನಲ್ಲಿ ನೌಕರನಿಗೆ ಸಿಕ್ಕ ಅನುಕೂಲವನ್ನು ಒಂದು ಚೆಕ್ ಹಾಳೆ ಕಸಿದುಕೊಳ್ಳುತ್ತದೆ. ಪಿಎಫ್ ಹಣಕ್ಕೆ ಮಾತ್ರ ಕಂಪನಿ ಕೈ ಹಾಕುವಂತಿಲ್ಲ. ಬಾಂಡ್ ಹೆಸರಲ್ಲಿ ‘ಕೆಲಸ ಬಿಡುವಂತೆಯೇ ಇಲ್ಲ’ ಎಂದು ಹೆದರಿಸಿದರೆ ಅದಕ್ಕೂ ಬೆಲೆಯಿಲ್ಲ. ಯಾರನ್ನೂ ಬಲವಂತವಾಗಿ ದುಡಿಸುವ ಆದೇಶವನ್ನು ನಮ್ಮ ಕೋರ್ಟ್‌ಗಳು ಕೊಡುವುದಿಲ್ಲ, ಹೆಚ್ಚೆಂದರೆ ಹಣ ಕೊಡಿಸುತ್ತವೆ.

ಬೇರೆ ಕಡೆ ಹೇಗಿದೆ

ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಸರಳ ಗೆರೆ ಎಳೆದಿದೆ. ಕೆಲಸ ಮಾಡಲು ಇಂಥ ತರಬೇತಿ ಕೊಡಲೇಬೇಕು ಎಂದು ಕಾನೂನು ಅಥವಾ ಕಾರ್ಮಿಕ ಸಂಘದ ಜೊತೆಗಿನ ಸಾಮೂಹಿಕ ಒಪ್ಪಂದ ಹೇಳಿದ್ದರೆ, ಅದು ನೌಕರನಿಗೆ ಪೂರ್ತಿ ಉಚಿತ, ಆ ಸಮಯವೂ ಕೆಲಸದ ಸಮಯವೇ. ಕನ್ನಡಿಗರು ತುಂಬಾ ಜನ ಇರುವ ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಯಿತು. 2026ರ ಜನವರಿ 1ರಿಂದ ಮಾಡಿಕೊಳ್ಳುವ ಕರಾರುಗಳಲ್ಲಿ, ಬಿಟ್ಟು ಹೋದರೆ ಕಂಪನಿಗೆ ಹಣ ಕಟ್ಟಬೇಕು ಎಂಬ ಷರತ್ತುಗಳನ್ನು ಕೆಲವು ವಿನಾಯಿತಿ ಬಿಟ್ಟು ಅಲ್ಲಿ ನಿಷೇಧಿಸಲಾಗಿದೆ. ಸೇರುವಾಗ ಕೊಟ್ಟ ಬೋನಸ್ ವಾಪಸ್ ಕೇಳಬಹುದು. ಆದರೆ ಅದಕ್ಕೆ ಬೇರೆ ಕರಾರು ಬೇಕು, ಅವಧಿ 2 ವರ್ಷ ಮೀರಬಾರದು, ದುಡಿದಷ್ಟಕ್ಕೆ ಮೊತ್ತ ಇಳಿಯಬೇಕು, ಬಡ್ಡಿ ಹಾಕುವಂತಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರ ಮೇಲೆ ಬೇಗ ಬಿಟ್ಟದ್ದಕ್ಕೆ ದಂಡ ಹಾಕುವುದನ್ನು ಅಮೆರಿಕದ ಫೆಡರಲ್ ಕಾನೂನು 1998ರಲ್ಲೇ ತಡೆದಿದೆ.

ನಮ್ಮಲ್ಲೂ ಇಂಥ ಸಮತೋಲನದ ಬೀಜ ಇಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಅಪ್ರೆಂಟಿಸ್ ಕರಾರು ತಪ್ಪಿ, ಅದು ರದ್ದಾದರೆ ತರಬೇತಿ ಖರ್ಚು ಹಿಂತಿರುಗಿಸಬೇಕು. ಆದರೆ ಎಷ್ಟು ಎಂದು ನಿರ್ಧರಿಸುವುದು ಕಂಪನಿಯಲ್ಲ, ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರ. ಕಂಪನಿ ಮಾತು ತಪ್ಪಿದರೆ ಅದೂ ಪರಿಹಾರ ಕೊಡಬೇಕು. ಮೊತ್ತವನ್ನು ಮೂರನೆಯವರು ನಿರ್ಧರಿಸುವ ಈ ಸಣ್ಣ ಏರ್ಪಾಡು ಫ್ರೆಷರ್‌ಗಳ ಬಾಂಡ್‌ಗೂ ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮುಂದೆ ಜಗಳ ಎಲ್ಲಿ ನಡೆಯುತ್ತದೆ

ಕಂಪನಿಗಳು ಸುಮ್ಮನಿರುವುದಿಲ್ಲ. ಕಡಿತದ ಪಟ್ಟಿಯಲ್ಲಿ ‘ಮುಂಗಡ’ ಎಂಬ ಪದ ಇದೆಯಲ್ಲ, ಅದರ ಮೂಲಕ ಒಳಬರಲು ನೋಡುವ ಸಾಧ್ಯತೆ ಹೆಚ್ಚು. ಟ್ರೈನಿಂಗ್ ಖರ್ಚನ್ನು ನೌಕರನಿಗೆ ಕೊಟ್ಟ ಸಾಲ ಎಂದು ಬರೆಸಿಕೊಂಡು, ತಿಂಗಳು ತಿಂಗಳು ಮನ್ನಾ ಮಾಡುತ್ತಾ, ಬಿಟ್ಟು ಹೋದಾಗ ಉಳಿದದ್ದನ್ನು ‘ಸಾಲದ ಬಾಕಿ’ ಎಂದು ಮುರಿದುಕೊಳ್ಳಬಹುದು. ಇನ್ನು ಕೆಲವರು ಸಂಬಳ ಕಡಿಮೆ ಮಾಡಿ, ಉಳಿದದ್ದನ್ನು ಎರಡು ವರ್ಷ ಇದ್ದರೆ ಕೊಡುವ ಬೋನಸ್ ಮಾಡಬಹುದು. ಎರಡನೆಯದರಲ್ಲಿ ಕನಿಷ್ಠ ಪಕ್ಷ ಯಾರ ಜೇಬಿಗೂ ಕೈ ಹಾಕುವುದಿಲ್ಲ. ಇದ್ದವರಿಗೆ ಹಣ ಸಿಗುತ್ತದೆ, ಹೋದವರು ಸಾಲಗಾರರಾಗುವುದಿಲ್ಲ. ಮೊದಲನೆಯದು ಹಳೆಯ ಬಾಂಡ್‌ಗೆ ಹೊಸ ಅಂಗಿ.

ನೌಕರನ ಕೈಗೆ ಒಂದು ರೂಪಾಯಿಯೂ ಬರದೆ, ಅವನು ಕೇಳದ ತರಬೇತಿಗೆ ಕಂಪನಿಯೇ ಬೆಲೆ ಕಟ್ಟಿ ಬರೆದ ಅಂಕಿಯನ್ನು ‘ಮುಂಗಡ’ ಎನ್ನಬಹುದೇ? ಮುಂದಿನ ದೂರುಗಳಲ್ಲಿ ಪ್ರಾಧಿಕಾರಗಳು, ಆಮೇಲೆ ಹೈಕೋರ್ಟ್‌ಗಳು ಉತ್ತರಿಸಬೇಕಾದ ಪ್ರಶ್ನೆ ಇದು. ಆ ಉತ್ತರ ಬರಬೇಕಾದರೆ ಯಾರಾದರೂ ದೂರು ಕೊಡಬೇಕು. ಅದಕ್ಕೆ ಬೇಕಾದ ಕಾಗದಗಳು ಹೆಚ್ಚೇನಿಲ್ಲ: ಬಾಂಡ್‌ನ ಪ್ರತಿ, ಟ್ರೈನಿಂಗ್ ನಡೆದ ದಿನಗಳ ವಿವರ, ಕೊನೆಯ ಸ್ಯಾಲರಿ ಸ್ಲಿಪ್, ಮತ್ತು ‘ಖರ್ಚಿನ ಲೆಕ್ಕ ಕೊಡಿ’ ಎಂದು ಎಚ್‌ಆರ್‌ಗೆ ಕಳಿಸಿದ ಒಂದು ಮೇಲ್. ಆಫೀಸ್ ಮೇಲ್ ಐಡಿ ರಾಜೀನಾಮೆಯ ದಿನವೇ ಬಂದ್ ಆಗಬಹುದು. ಇವನ್ನೆಲ್ಲ ಅದಕ್ಕೂ ಮೊದಲೇ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಂಡಿರಬೇಕು.